ಹಳೇ ಸ್ಪೋರ್ಟ್ಸ್ ಕಾರು: ಹುಬ್ಬಳ್ಳಿ-ಧಾರವಾಡದಲ್ಲಿ ಸಾಕೋದಾದರೆ ಯಾವುದನ್ನ ಆರಿಸಬೇಕು?

ಹೊಸದಿದ್ದಾಗ ಅರ್ಧ ಕೋಟಿ ದಾಟಿದ್ದ ಕಾರು ಹದಿನೈದು ವರ್ಷ ಆದಮೇಲೆ ಹೊಸ ಎಸ್‌ಯುವಿ ಒಂದರ ಬೆಲೆಗೆ ಬಂದು ನಿಲ್ಲುತ್ತದೆ. ಎರಡೇ ಸೀಟು, ಉದ್ದ ಬಾನೆಟ್ಟು, ನೆಲಕ್ಕೆ ಹತ್ತಿರ ಕೂರುವ ಜಾಗ. ಫೋಟೋ ಒಮ್ಮೆ ನೋಡಿದರೆ ಮನಸ್ಸು ಬೇರೆ ಕಡೆ ಹೋಗುವುದಿಲ್ಲ. ಆ ಆಸೆಯಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಲೆಕ್ಕ ತಲೆಯಲ್ಲಿರಲಿ. ಕಾರಿನ ಬೆಲೆ ವರ್ಷಾವರ್ಷ ಇಳಿಯುತ್ತದೆ, ಅದರ ಪಾರ್ಟಿನ ಬೆಲೆ ಇಳಿಯುವುದಿಲ್ಲ. ಅರ್ಧ ಕೋಟಿಯ ಕಾರನ್ನು ಎಷ್ಟೇ ಸೋವಿಯಲ್ಲಿ ತಂದರೂ ಅದರ ಹೆಡ್‌ಲೈಟು, ಬ್ರೇಕ್ ಡಿಸ್ಕು, ಗೇರ್‌ಬಾಕ್ಸು ಅರ್ಧ ಕೋಟಿಯ ಕಾರಿನವೇ.

ಪಿ.ಬಿ. ರೋಡಿನ ಗ್ಯಾರೇಜಿನಲ್ಲಿ ಒಬ್ಬ ಮಿಸ್ತ್ರಿ ಹೇಳಿದ ಮಾತು ನನಗೆ ಇವತ್ತಿಗೂ ಸರಿ ಅನ್ನಿಸುತ್ತದೆ. "ಗಾಡಿ ಛಲೋ ಐತ್ರಿ ಸಾಹೇಬ್ರ. ಬಿಚ್ಚೋದು ನಾ ಬಿಚ್ತೀನಿ. ಪಾರ್ಟ್ ಎಲ್ಲಿಂದ ತರಸ್ತೀರಿ, ಅದನ್ನ ಮೊದಲ ಹೇಳ್ರಿ." ಮುಂದೆ ಮಾಡುವ ಕಾರುಗಳ ಹೋಲಿಕೆ ಪೂರ್ತಿ ಅದೇ ಪ್ರಶ್ನೆಯ ಮೇಲೆ ನಿಂತಿದೆ. ಮುಂಬೈ, ಬೆಂಗಳೂರಿನವರಿಗೆ ಒಳ್ಳೆಯ ಆಯ್ಕೆ ಆದದ್ದು ಹುಬ್ಬಳ್ಳಿ, ಗದಗ, ಹಾವೇರಿಯವರಿಗೂ ಒಳ್ಳೆಯದೇ ಆಗಬೇಕು ಅಂತಿಲ್ಲ.

ಇಷ್ಟೆಲ್ಲ ಯಾಕೆ ಬೇಕು?

ಹೊಸ ಕಾರುಗಳಲ್ಲಿ ಸ್ಟೀರಿಂಗ್ ಬಹುತೇಕ ಎಲೆಕ್ಟ್ರಿಕ್. ಒಂದೇ ಬೆರಳಲ್ಲಿ ತಿರುಗುತ್ತದೆ, ಆದರೆ ಟೈರಿನ ಕೆಳಗೆ ಏನಾಗುತ್ತಿದೆ ಅನ್ನೋದು ಕೈಗೆ ಗೊತ್ತಾಗುವುದಿಲ್ಲ. ಎಣ್ಣೆಯ ಒತ್ತಡದ ಸಹಾಯದಲ್ಲಿ ತಿರುಗುವ ಹಳೇ ಹೈಡ್ರಾಲಿಕ್ ಸ್ಟೀರಿಂಗ್‌ನಲ್ಲಿ ರಸ್ತೆಯ ಪ್ರತಿ ಗೆರೆಯೂ ಅಂಗೈಗೆ ಬರುತ್ತದೆ. ಧಾರವಾಡದಿಂದ ಹಳಿಯಾಳದ ಕಡೆ ಬೆಳಗ್ಗೆ ಆರಕ್ಕೆ ಹೊರಡಿ. ಮುಂದೆ ದಾಂಡೇಲಿ ಕಡೆ ಕಾಡು ಶುರುವಾಗಿ ತಿರುವುಗಳು ಬಂದಾಗ ಮೂರನೇ ಗೇರಿಗೆ ಇಳಿಸಿ. ಎಂಜಿನ್ ನಾಲ್ಕು ಸಾವಿರ ಆರ್‌ಪಿಎಂ ದಾಟುವಾಗ ಬರುವ ಸದ್ದು, ಮುಂದಿನ ಚಕ್ರ ತಿರುವಿನೊಳಗೆ ಹೋಗಿ ಗಟ್ಟಿ ಹಿಡಿದು ನಿಲ್ಲುವ ರೀತಿ, ಇದಕ್ಕಾಗಿಯೇ ಜನ ಈ ಕಾರುಗಳನ್ನು ಸಾಕುತ್ತಾರೆ. ಅಷ್ಟು ಖುಷಿಗೆ ನೂರರ ಮೇಲೆ ಓಡಿಸಬೇಕು ಅಂತೇನಿಲ್ಲ. ಅರವತ್ತು-ಎಪ್ಪತ್ತರಲ್ಲೇ ಸಿಗುತ್ತದೆ, ಅದೂ ಹಗುರವಾದ ಸಣ್ಣ ಕಾರಿನಲ್ಲೇ ಜಾಸ್ತಿ.

ಯಾವ ಹಳೇ ಸ್ಪೋರ್ಟ್ಸ್ ಕಾರು ಆರಿಸಬೇಕು ಅಂತ ಹೊರದೇಶದವರಿಗೆ ಕೇಳಿದರೆ ಹೆಚ್ಚಿನವರು ಮಾಜ್ಡಾ ಎಂಎಕ್ಸ್-5 ಹೆಸರು ಹೇಳುತ್ತಾರೆ. 1989ರಲ್ಲಿ ಬಂದ ಪುಟ್ಟ ಓಪನ್ ಕಾರು, ಇಲ್ಲಿಯತನಕ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ನಮ್ಮಲ್ಲಿ ಅದನ್ನು ಮಾರಲೇ ಇಲ್ಲ. ಮಾಜ್ಡಾ ಅಂದರೆ ನಮಗೆ ಗೊತ್ತಿದ್ದದ್ದು ಸ್ವರಾಜ್ ಮಾಜ್ಡಾ ಲಾರಿ, ಮಿನಿಬಸ್ಸು ಅಷ್ಟೇ. ಹಾಗಾಗಿ ನಮ್ಮ ಮುಂದಿರುವ ಪಟ್ಟಿಯೇ ಬೇರೆ.

ಜರ್ಮನ್ ಸ್ಪೋರ್ಟ್ಸ್ ಕಾರುಗಳು

ಬಿಎಂಡಬ್ಲ್ಯು ಝಡ್4, ಮರ್ಸಿಡಿಸ್ ಎಸ್‌ಎಲ್‌ಕೆ, ಆಡಿ ಟಿಟಿ, ಪೋರ್ಷೆ ಬಾಕ್ಸ್‌ಸ್ಟರ್. ಕಣ್ಣಿಗೆ ಮೊದಲು ಬೀಳುವುದು ಇವೇ. ಕೈ ಸುಡುವುದೂ ಇವುಗಳಲ್ಲೇ ಜಾಸ್ತಿ, ಅದಕ್ಕೇ ಇವುಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

2009ರಲ್ಲಿ ಬಂದ ಝಡ್4ನ 35ಐ ಮಾದರಿಯಲ್ಲಿ ಮೂರು ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೋ, ಸುಮಾರು 300 ಬಿಎಚ್‌ಪಿ (ಎಂಜಿನ್ ಶಕ್ತಿಯ ಅಳತೆ). ಓಡಿಸಿದವರು ಮರೆಯುವುದಿಲ್ಲ. ಇದರ ಎರಡು ಬೇನೆಗಳು ಜಗತ್ತಿಗೇ ಗೊತ್ತು. ಒಂದು ಹೈ ಪ್ರೆಶರ್ ಫ್ಯೂಯೆಲ್ ಪಂಪು, ಇನ್ನೊಂದು ಎಲೆಕ್ಟ್ರಿಕ್ ವಾಟರ್ ಪಂಪು. ವಾಟರ್ ಪಂಪು ಹೆಚ್ಚಾಗಿ ಸುಳಿವು ಕೊಡದೇ ಹೋಗುತ್ತದೆ. ಎಂಜಿನ್ ಬಿಸಿ ಏರುತ್ತದೆ, ಗಾಡಿ ನಿಲ್ಲಿಸಲೇಬೇಕು. ಯಲ್ಲಾಪುರ ದಾಟಿ ಅರಬೈಲು ಘಟ್ಟದಲ್ಲಿ ಹೀಗಾದರೆ ಫ್ಲ್ಯಾಟ್‌ಬೆಡ್ ಮೇಲೆಯೇ ಹುಬ್ಬಳ್ಳಿಗೆ ಬರಬೇಕು. ಕಂಪನಿಯಿಂದ ಬರುವಾಗಲೇ ಇದಕ್ಕೆ ರನ್‌ಫ್ಲ್ಯಾಟ್ ಟೈರು (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು), ಸ್ಟೆಪ್ನಿ ಇಲ್ಲ. ಆ ಟೈರುಗಳು ಗಟ್ಟಿ, ದುಬಾರಿ. ನವಲಗುಂದ, ರೋಣದ ಕಡೆಯ ಎರೆ ಭೂಮಿಯ ಒಳರಸ್ತೆಗಳ ಗತಿ ನಿಮಗೆ ಗೊತ್ತೇ ಇದೆ. ಎರೆ ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆಅಲೆಯಾಗಿ ಕೂರುತ್ತದೆ. ಅಲ್ಲಿ ಪಕ್ಕದ ಗೋಡೆ ಹರಿದ ರನ್‌ಫ್ಲ್ಯಾಟ್ ಟೈರಿಗೆ ಪಂಚರ್ ಅಂಗಡಿಯವನು ಏನೂ ಮಾಡಲಾರ.

ಎಸ್‌ಎಲ್‌ಕೆಯ ಆಕರ್ಷಣೆ ಮಡಚುವ ಲೋಹದ ಛಾವಣಿ. ಬಟನ್ ಒತ್ತಿದರೆ ಡಿಕ್ಕಿಯೊಳಗೆ ಹೋಗಿ ಕೂರುತ್ತದೆ. ಅದನ್ನು ಎತ್ತಿಳಿಸುವುದು ಹೈಡ್ರಾಲಿಕ್ ಸಿಲಿಂಡರುಗಳು. ಅವುಗಳ ಸೀಲು ವಯಸ್ಸಿಗೆ ಒಣಗಿ ಎಣ್ಣೆ ಸೋರಲು ಶುರುವಾಗುತ್ತದೆ. ಎರಡನೇ ತಲೆಮಾರಿನ ಎಸ್‌ಎಲ್‌ಕೆ 350ಯ ಮೊದಲ ವರ್ಷಗಳ ವಿ6 ಎಂಜಿನ್‌ಗಳಲ್ಲಿ ನಡುಕ ತಗ್ಗಿಸುವ ಬ್ಯಾಲೆನ್ಸ್ ಶಾಫ್ಟಿನ ಹಲ್ಲು ಸವೆಯುವ ತೊಂದರೆ ಇತ್ತು. ಅದಕ್ಕೆ ಎಂಜಿನ್ ಹೊರಗೆ ತೆಗೆಯಬೇಕು. ನಾಲ್ಕು ಸಿಲಿಂಡರಿನ ಎಸ್‌ಎಲ್‌ಕೆ 200 ಕಂಪ್ರೆಸರ್ ಮಾದರಿಯಲ್ಲಿ, ವಾಲ್ವ್‌ಗಳನ್ನು ಹೊತ್ತಿಗೆ ಸರಿಯಾಗಿ ತೆರೆಸುವ ಟೈಮಿಂಗ್ ಚೈನು ಸಡಿಲ ಬೀಳುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ ತಕ್ಷಣ ಒಂದೆರಡು ಸೆಕೆಂಡ್ ಗಡಗಡ ಅಂದರೆ ಅದೇ ಕಾರಣ ಇರಬಹುದು.

ಬಾಕ್ಸ್‌ಸ್ಟರ್ ಓಡಿಸಲು ಇವೆಲ್ಲಕ್ಕಿಂತ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಎಂಜಿನ್ ನಡುವೆ ಇರುವುದರಿಂದ ತಿರುವಿನಲ್ಲಿ ಅದರ ಸಮತೋಲನವೇ ಬೇರೆ. ಆದರೆ 2008ರವರೆಗಿನ ಎಂಜಿನ್‌ಗಳ ಒಳಗೆ ಇಂಟರ್‌ಮೀಡಿಯೇಟ್ ಶಾಫ್ಟ್ ಅಂತ ಒಂದಿದೆ. ಅದರ ಬೇರಿಂಗ್ ಹೋದರೆ ಎಂಜಿನ್ನೇ ಹೋದಂತೆ. 2009ರಿಂದ ಬಂದ ಎಂಜಿನ್‌ಗಳಲ್ಲಿ ಆ ಶಾಫ್ಟೇ ಇಲ್ಲ. ತಗೊಂಡರೆ ಅದನ್ನೇ ತಗೋಬೇಕು. ಹುಬ್ಬಳ್ಳಿಯಲ್ಲಿದ್ದು ಹಳೆಯದನ್ನು ಸಾಕುವ ಧೈರ್ಯ ನಾನು ಯಾರಿಗೂ ಕೊಡುವುದಿಲ್ಲ.

ಇನ್ನು ಟಿಟಿ. ಕಾರು ಪ್ರೇಮಿಗಳು ಇದನ್ನು ಸ್ವಲ್ಪ ಕಡೆಗಣಿಸುತ್ತಾರೆ, ನಿಜವಾದ ಸ್ಪೋರ್ಟ್ಸ್ ಕಾರಲ್ಲ ಅಂತ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಡೆಯವರಿಗೆ ಜರ್ಮನ್ ಗುಂಪಿನಲ್ಲಿ ಇದೊಂದೇ ದಾರಿ. ಕಾರಣ ಸರಳ. ಎರಡನೇ ತಲೆಮಾರಿನ ಟಿಟಿಯ 2.0 ಟಿಎಫ್‌ಎಸ್‌ಐ ಎಂಜಿನ್, ಗೇರ್‌ಬಾಕ್ಸು, ಕೆಳಗಿನ ಬಹಳಷ್ಟು ಭಾಗ ಫೋಕ್ಸ್‌ವ್ಯಾಗನ್ ಬಳಗದ ಬೇರೆ ಕಾರುಗಳ ನೆಂಟಸ್ತಿಕೆಯವು. ಸ್ಕೋಡಾ ಲಾರಾ, ಸೂಪರ್ಬ್ ಬಿಚ್ಚಿ ಗೊತ್ತಿರುವ ಕೈಗೆ ಟಿಟಿ ಹೊಸದಲ್ಲ. ದೋಷ ಓದುವ ಸ್ಕ್ಯಾನರೂ ಅದೇ ಆಗುತ್ತದೆ. ಚೈನಿನ ಬದಲು ಬೆಲ್ಟ್ ಇರುವ ಎಂಜಿನ್ ಆದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿತು ಅಂತ ಬಿಲ್ ಕೇಳಿ. ಅದೇ ಎಂಜಿನ್‌ನಲ್ಲಿ ಫ್ಯೂಯೆಲ್ ಪಂಪಿನ ಕೆಳಗೆ ಕ್ಯಾಮ್ ಫಾಲೋವರ್ ಅನ್ನೋ ಬಟ್ಟಲಿನಂಥ ಸಣ್ಣ ಪಾರ್ಟ್ ಇರುತ್ತದೆ. ಅದು ಸವೆದು ತೂತಾದರೆ ಪಂಪು, ಕ್ಯಾಮ್ ಶಾಫ್ಟು ಎರಡೂ ಹಾಳು. ತೆಗೆದು ನೋಡಲು ಹೆಚ್ಚು ಹೊತ್ತು ಬೇಡ. ಆರು ಗೇರಿನ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸು) ಇದ್ದರೆ 60,000 ಕಿ.ಮೀ.ಗೊಮ್ಮೆ ಅದರ ಎಣ್ಣೆ ಬದಲಾಗಿರಬೇಕು.

ಈ ನಾಲ್ಕರಲ್ಲಿ ಯಾವುದೇ ತಗೊಳ್ಳಿ, ಕಾರಿಗೆ ಕೊಟ್ಟ ಬೆಲೆಯ ಮೂರನೇ ಒಂದು ಭಾಗ ಮೊದಲ ವರ್ಷಕ್ಕೆ ಅಂತ ಬೇರೆ ತೆಗೆದಿಡಿ. ಆ ರೊಕ್ಕ ಇಲ್ಲದಿದ್ದರೆ ಆ ಕಾರು ನಿಮ್ಮ ಕೈಗೆ ಎಟುಕುವುದಲ್ಲ ಅಂತಲೇ ತಿಳಿಯಬೇಕು.

ಗೋವಾದ ಸ್ಯಾನ್ ಸ್ಟಾರ್ಮ್

ನಮ್ಮ ಪಕ್ಕದ ಗೋವಾದಲ್ಲೇ ತಯಾರಾದ ಎರಡು ಸೀಟಿನ ಕಾರು ಇದು. ಫೈಬರ್ ಬಾಡಿ, ಹಾಗಾಗಿ ತುಕ್ಕಿನ ಚಿಂತೆ ಇಲ್ಲ. ಎಂಜಿನ್ 1,149 ಸಿಸಿಯ ರೆನೋ, 60 ಬಿಎಚ್‌ಪಿ. ಓಟದಲ್ಲಿ ಜೋರಿಲ್ಲ. ಎಂಜಿನ್ ಸರಳ, ಯಾವ ಮಿಸ್ತ್ರಿಯೂ ಅರ್ಥ ಮಾಡಿಕೊಳ್ಳುತ್ತಾನೆ. ತೊಂದರೆ ಏನೆಂದರೆ ಆ ಎಂಜಿನ್ ನಮ್ಮಲ್ಲಿ ಓಡುವ ಕ್ವಿಡ್‌ನದ್ದೂ ಅಲ್ಲ, ಲೋಗನ್‌ನದ್ದೂ ಅಲ್ಲ. ಗಾಜು, ಹೆಡ್‌ಲೈಟು, ಬಾಗಿಲಿನ ರಬ್ಬರು ಹೋದರೆ ಹುಡುಕಾಟವೇ ಒಂದು ಕೆಲಸ. ಅಪರೂಪದ ಕಾರು ಸಾಕುವ ಹುಚ್ಚು ನಿಜವಾಗಿಯೂ ಇದ್ದವರಿಗೆ ಇದು ಚೆಂದ. ಉಳಿದವರು ನೋಡಿ ಖುಷಿಪಟ್ಟರೆ ಸಾಕು.

ಅಬಾರ್ತ್ ಪುಂಟೋ, ಪೋಲೋ ಜಿಟಿ

ಮೊದಲ ಸಲ ಇಂಥ ಕಾರು ತಗೊಳ್ಳುವವರಿಗೆ ನಾನು ಹೇಳುವ ಹೆಸರು ಫಿಯಾಟ್ ಕಂಪನಿಯ ಅಬಾರ್ತ್ ಪುಂಟೋ. 2015ರಲ್ಲಿ ಬಂತು. 1.4 ಲೀಟರಿನ ಟಿ-ಜೆಟ್ ಟರ್ಬೋ ಎಂಜಿನ್, 145 ಬಿಎಚ್‌ಪಿ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಐದು ಗೇರಿನ ಮ್ಯಾನುಯಲ್. ಮುಖ್ಯವಾಗಿ ಆ ಹೈಡ್ರಾಲಿಕ್ ಸ್ಟೀರಿಂಗು. ಮೇಲೆ ಹೇಳಿದ ಹಳಿಯಾಳದ ರಸ್ತೆಯ ಖುಷಿ ಇದರಲ್ಲಿ ಪೂರ್ತಿ ಸಿಗುತ್ತದೆ. ಐದು ಜನ ಕೂರಬಹುದು, ಸಾಮಾನು ಹಿಡಿಯುತ್ತದೆ, ಗದ್ದಲ ಎಬ್ಬಿಸದೇ ಆಫೀಸಿಗೂ ಹೋಗಿ ಬರುತ್ತದೆ.

ಫಿಯಾಟ್ 2019ರಲ್ಲಿ ನಮ್ಮ ದೇಶದಲ್ಲಿ ಕಾರು ಮಾರುವುದನ್ನು ನಿಲ್ಲಿಸಿತು. ಹಾಗಾದರೆ ಪಾರ್ಟ್ ಎಲ್ಲಿಂದ ಅಂತ ಕೇಳುತ್ತೀರಿ, ಅಲ್ವಾ? ಎಂಜಿನ್ ಫಿಯಾಟ್‌ನದೇ ಲೀನಿಯಾ ಟಿ-ಜೆಟ್ ಕಾರಿನ ಎಂಜಿನ್‌ನ ಅಣ್ಣ. ಬಾಡಿ, ಗಾಜು, ಲೈಟು ಪುಂಟೋ ಇವೋದವೇ. ಪುಂಟೋ 2009ರಿಂದ ನಮ್ಮಲ್ಲಿ ಓಡಿದೆ, ಪುಣೆ ಹತ್ತಿರದ ರಂಜನಗಾಂವ್‌ನಲ್ಲೇ ತಯಾರಾಗುತ್ತಿತ್ತು. ಹಾಗಾಗಿ ಸೆಕೆಂಡ್ ಹ್ಯಾಂಡ್ ಪಾರ್ಟೂ ಸಿಗುತ್ತವೆ. ಪುಣೆಯಲ್ಲಿ ಸಂಜೆ ಪಾರ್ಸೆಲ್ ಹಾಕಿಸಿದರೆ ವಿಆರ್‌ಎಲ್‌ನಲ್ಲಿ ಹುಬ್ಬಳ್ಳಿಗೆ ಬರುತ್ತದೆ. ಲಾರಿ-ಬಸ್ಸಿನ ಊರಲ್ಲಿ ಇರುವುದರ ಲಾಭ ಇದು. ಅಬಾರ್ತ್‌ನ ಟರ್ಬೋ, ಕ್ಲಚ್, ಹಿಂದಿನ ಡಿಸ್ಕಿನ ಪಾರ್ಟು ಮಾತ್ರ ಮೊದಲೇ ವಿಚಾರಿಸಿಡಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಇದು. ಕಿಲೋಮೀಟರ್ ಕಡಿಮೆ ಓಡಿದ್ದರೂ ಬೆಲ್ಟಿಗೆ ವಯಸ್ಸಾಗುತ್ತದೆ. ಅದು ತುಂಡಾದರೆ ವಾಲ್ವ್ ಬಾಗುತ್ತವೆ. ತಂದ ವಾರದಲ್ಲೇ ಬೆಲ್ಟು, ಟೆನ್ಷನರು, ವಾಟರ್ ಪಂಪು ಮೂರನ್ನೂ ಒಟ್ಟಿಗೆ ಬದಲಾಯಿಸಿಬಿಡಿ.

ಪೋಲೋ ಜಿಟಿ ಟಿಎಸ್‌ಐ 2013ರಲ್ಲಿ ಬಂತು. 1.2 ಲೀಟರ್, 105 ಪಿಎಸ್ (ಬಿಎಚ್‌ಪಿಗೆ ಹತ್ತಿರದ ಅಳತೆ), ಏಳು ಗೇರಿನ ಡಿಎಸ್‌ಜಿ. ಗಟ್ಟಿ ಕಾರು, ಹೈವೇಯಲ್ಲಿ ನೆಲ ಹಿಡಿದು ಓಡುತ್ತದೆ. ಪಾರ್ಟಿನ ಚಿಂತೆಯೂ ಕಡಿಮೆ. ಆದರೆ ಅದರ ಡ್ರೈ ಕ್ಲಚ್ ಡಿಎಸ್‌ಜಿ ಮತ್ತು ಅದನ್ನು ನಡೆಸುವ ಮೆಕಾಟ್ರಾನಿಕ್ಸ್ ಯೂನಿಟ್ಟಿನ ಮೇಲೆ ಜಗತ್ತಿನ ಎಲ್ಲ ಕಡೆ ದೂರಿದೆ. ತೆವಳುವ ಟ್ರಾಫಿಕ್ಕಿನಲ್ಲಿ ಬಿಸಿಯಾದಾಗ ಅದಕ್ಕೆ ಕಷ್ಟ. ಯಾವಾಗಲೂ ಸಂಜೆ ಆರಕ್ಕೆ ಚನ್ನಮ್ಮ ಸರ್ಕಲ್ ದಾಟಬೇಕಾದವರು ಇದನ್ನು ಬಿಟ್ಟು ಮ್ಯಾನುಯಲ್ ನೋಡುವುದೇ ಒಳ್ಳೆಯದು.

ಇಪ್ಪತ್ತು ವರ್ಷ ದಾಟಿದ ಸೆಡಾನ್‌ಗಳು

ಹೋಂಡಾ ಸಿಟಿ 1.5 ವಿಟೆಕ್, 2003ರ ತನಕ ಬಂದ ಹಳೇ ಮಾದರಿ. 106 ಬಿಎಚ್‌ಪಿ, ಹಗುರ ಬಾಡಿ, ಆರ್‌ಪಿಎಂ ಏರಿದಂತೆ ಏರುವ ಸ್ವರ. ಕಡಿಮೆ ರೊಕ್ಕದಲ್ಲಿ ದೊಡ್ಡ ಖುಷಿ ಬೇಕಾದರೆ ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ. ಎಂಜಿನ್ ಹಾಳಾಗುವುದಕ್ಕಿಂತ ಮೊದಲು ಬಾಡಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಕಾರವಾರ, ಮಂಗಳೂರು ಕಡೆಯಿಂದ ಬಂದದ್ದಕ್ಕಿಂತ ಗದಗ, ಕೊಪ್ಪಳ ಕಡೆ ಒಣ ಹವೆಯಲ್ಲಿ ಬೆಳೆದದ್ದು ಹುಡುಕಿ.

ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 2004ರದ್ದು. 1.8 ಟರ್ಬೋ, 150 ಬಿಎಚ್‌ಪಿ. ಇದರ ಎಂಜಿನ್‌ಗೆ ಟ್ಯೂನಿಂಗ್ ಮಾಡುವವರ ದೊಡ್ಡ ಬಳಗವೇ ಇದೆ. ಆದ್ದರಿಂದ ಯಾರೂ ಕೈ ಹಾಕದ, ಕಂಪನಿಯಿಂದ ಬಂದ ಹಾಗೇ ಉಳಿದ ಗಾಡಿ ಸಿಗುವುದು ಕಷ್ಟ. ಸಿಕ್ಕರೆ ಬಿಡಬೇಡಿ.

ಕಾಗದ, ವಿಮೆ, ಪೆಟ್ರೋಲು

ಇಲ್ಲಿ ಅಂಕಿಗಳೇ ಮಾತಾಡುತ್ತವೆ. 15 ವರ್ಷ ದಾಟಿದ ಕಾರಿನ ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ನಿಂದ 5,000 ರೂಪಾಯಿ. ಇಂಪೋರ್ಟೆಡ್ ಕಾರಾದರೆ 40,000. 2025ರ ಆಗಸ್ಟ್‌ನಲ್ಲಿ ಬಂದ ನಿಯಮದಂತೆ 20 ವರ್ಷ ದಾಟಿದ ಕಾರಿಗೆ ಇದು 10,000, ಇಂಪೋರ್ಟೆಡ್‌ಗೆ 80,000. ಒಮ್ಮೆ ನವೀಕರಿಸಿದರೆ ಐದು ವರ್ಷ. ಪ್ರತಿ ಸಲವೂ ಗಾಡಿ ಪಾಸಿಂಗ್ ಆಗಬೇಕು. ನಮ್ಮ ರಾಜ್ಯದ ಹಸಿರು ತೆರಿಗೆ ಇದರ ಮುಂದೆ ಸಣ್ಣದು. ಈಗ ಲೆಕ್ಕ ಹಾಕಿ. 2015ರ ಅಬಾರ್ತ್‌ಗೆ ಈ ಮಾತು ಬರುವುದು 2030ಕ್ಕೆ, ಅದೂ ದೇಶದಲ್ಲೇ ತಯಾರಾದ ಕಾರಿನ ಫೀಯಲ್ಲಿ. ಹೊರಗಿನಿಂದ ಬಂದ 2009ರ ಝಡ್4ಗೆ ಈಗಾಗಲೇ ಬಂದಿದೆ.

ಥರ್ಡ್ ಪಾರ್ಟಿ ವಿಮೆಯಲ್ಲೂ ಹೀಗೇ. 2022ರಲ್ಲಿ ನಿಗದಿಯಾದ ದರದಂತೆ 1,000ದಿಂದ 1,500 ಸಿಸಿ ಕಾರಿಗೆ ವರ್ಷಕ್ಕೆ 3,416, ಅದರ ಮೇಲಿನದಕ್ಕೆ 7,897 ರೂಪಾಯಿ. ಅಬಾರ್ತ್, ಪೋಲೋ, ಸ್ಯಾನ್ ಸ್ಟಾರ್ಮ್, ಸಿಟಿ ಮೊದಲ ಗುಂಪು. ಉಳಿದವೆಲ್ಲ ಎರಡನೆಯದು. ವಯಸ್ಸಾದ ಕಾರಿಗೆ ಫುಲ್ ಇನ್ಶೂರೆನ್ಸ್ ಕೊಡಲು ಕಂಪನಿಗಳು ಹಿಂದೆಮುಂದೆ ನೋಡುತ್ತವೆ. ಟೋಕನ್ (ಮುಂಗಡ) ಕೊಡುವ ಮೊದಲೇ ಚಾಸಿ ನಂಬರ್ ಕೊಟ್ಟು ಕೊಟೇಶನ್ ತರಿಸಿಕೊಳ್ಳಿ.

ದೆಹಲಿ ಗಾಡಿ ಸೋವಿ ಅಂತ ಹಲವರು ತರುತ್ತಾರೆ. ಹೊರರಾಜ್ಯದ ಗಾಡಿ ಇಲ್ಲೇ ಉಳಿಯುವುದಾದರೆ ಹನ್ನೆರಡು ತಿಂಗಳೊಳಗೆ ಕೆಎ-25, ಕೆಎ-63, ಕೆಎ-26 ಅಥವಾ ಕೆಎ-27 ನಂಬರ್ ಆಗಬೇಕು. ಅದಕ್ಕೆ ಎನ್‌ಒಸಿ ಬೇಕು, ಜೀವಮಾನ ತೆರಿಗೆ ಬೇಕು. ಹೊಸದಿದ್ದಾಗ ದುಬಾರಿಯಾಗಿದ್ದ ಕಾರಿನಲ್ಲಿ ಈ ತೆರಿಗೆಯೇ ಸೋವಿ ಸಿಕ್ಕ ಸಂತೋಷವನ್ನು ತಿಂದುಹಾಕಬಹುದು.

ಪೆಟ್ರೋಲಿನ ಖರ್ಚಿಗೆ ಜನ ಸುಮ್ನೆ ಜಾಸ್ತಿ ಹೆದರುತ್ತಾರೆ. ತಿಂಗಳಿಗೆ 400 ಕಿ.ಮೀ. ಓಡಿಸಿದರೆ, ಲೀಟರಿಗೆ 8 ಕೊಡುವ ಝಡ್4 50 ಲೀಟರ್ ಕುಡಿಯುತ್ತದೆ. 12 ಕೊಡುವ ಅಬಾರ್ತ್ 33 ಲೀಟರ್. ಲೀಟರಿಗೆ ನೂರು ದಾಟಿದ ಬೆಲೆಯಲ್ಲೂ ತಿಂಗಳಿಗೆ ಎರಡು ಸಾವಿರದೊಳಗಿನ ವ್ಯತ್ಯಾಸ. ಒಂದು ವಾಟರ್ ಪಂಪು ಅದನ್ನೆಲ್ಲ ಒಂದೇ ದಿನದಲ್ಲಿ ಮೀರಿಸುತ್ತದೆ. ಯೋಚಿಸಬೇಕಾದದ್ದು ಪೆಟ್ರೋಲಿನೊಳಗಿನ ಎಥನಾಲ್ ಬಗ್ಗೆ. ಈಗ ಬಂಕಿನಲ್ಲಿ ಬರುವುದು ಶೇ. 20 ಎಥನಾಲ್ ಬೆರೆತ ಪೆಟ್ರೋಲು. ಈ ಕಾರುಗಳ ರಬ್ಬರ್ ಪೈಪು, ಸೀಲುಗಳು ಅದಕ್ಕಾಗಿ ಮಾಡಿದವಲ್ಲ. ಜತೆಗೆ ಎಥನಾಲ್ ನೀರು ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಇದು ಒಳ್ಳೆಯದಲ್ಲ. ಇಂಧನದ ಪೈಪುಗಳನ್ನು ಎಥನಾಲ್ ತಡೆಯುವ ಜಾತಿಗೆ ಬದಲಾಯಿಸಿ. ವಾರಕ್ಕೊಮ್ಮೆಯಾದರೂ ಇಪ್ಪತ್ತು ಕಿಲೋಮೀಟರ್ ಓಡಿಸಿ.

ನೋಡಲು ಹೋದಾಗ

ಮಾರುವವರಿಗೆ ಮೊದಲೇ ಹೇಳಿ, ನಾನು ಬರುವ ತನಕ ಎಂಜಿನ್ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ ಯಾಕೆ ಅಂತ ಕೇಳಿ. ತಣ್ಣನೆಯ ಎಂಜಿನ್ ಮೊದಲ ಹತ್ತು ಸೆಕೆಂಡಿನಲ್ಲಿ ಹೇಳುವ ಸತ್ಯ ಮತ್ತೆ ಹೇಳುವುದಿಲ್ಲ.

ಆಮೇಲೆ ಟೈರು ನೋಡಿ. ಪಕ್ಕದ ಗೋಡೆಯ ಮೇಲೆ ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. 2318 ಅಂತಿದ್ದರೆ 2018ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಹೊರಗಡೆಯ ಗೋಡೆಯಲ್ಲಿ ಕಾಣದಿದ್ದರೆ ಬಗ್ಗಿ ಒಳಗಡೆ ನೋಡಬೇಕು. ಇಂಥ ಕಾರುಗಳು ಕಡಿಮೆ ಓಡುತ್ತವೆ, ಹಾಗಾಗಿ ರಸ್ತೆಗೆ ತಾಗುವ ಪಟ್ಟೆ ಹೊಸದರಂತೆ ಕಾಣುತ್ತದೆ, ರಬ್ಬರು ಮಾತ್ರ ಮುದಿಯಾಗಿರುತ್ತದೆ. ಉಗುರಿನಿಂದ ಒತ್ತಿ ನೋಡಿ. ಪಟ್ಟೆಯ ಸಂದಿಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೆ ನಾಲ್ಕೂ ಟೈರಿನ ಬೆಲೆ ಚೌಕಾಶಿಯಲ್ಲಿ ಕಳೆಯಿರಿ. ಎರಡು ಟೈರು ಒಂದು ಕಂಪನಿ, ಇನ್ನೆರಡು ಬೇರೆ ಕಂಪನಿ ಇದ್ದರೆ, ಕಾರಿನ ಒಡೆಯ ಬೇರೆ ಕಡೆಯೂ ರೊಕ್ಕ ಉಳಿಸಿರುವ ಸಾಧ್ಯತೆ ಇದೆ.

ಮಡಚುವ ಛಾವಣಿಯ ಕಾರಾದರೆ ಒಂದು ಬಕೆಟ್ ನೀರು ಕೇಳಿ, ಮೇಲೆ ನಿಧಾನಕ್ಕೆ ಸುರಿಯಿರಿ. ಸೀಟಿನ ಹಿಂದಿನ ಕಾರ್ಪೆಟ್ ಮುಟ್ಟಿ ನೋಡಿ. ನೀರು ಹೋಗುವ ಸಣ್ಣ ಕೊಳವೆಗಳಲ್ಲಿ ಎಲೆ-ಧೂಳು ಕಟ್ಟಿದರೆ ನೀರು ಒಳಗೇ ಇಳಿಯುತ್ತದೆ. ಧಾರವಾಡದ ಜುಲೈ ಜಿಟಿಜಿಟಿ ವಾರಗಟ್ಟಲೆ ಬಿಡುವುದಿಲ್ಲ, ಕೆಳಗಿನ ವೈರಿಂಗ್ ತೊಯ್ದರೆ ಆ ಬೇನೆ ವರ್ಷಪೂರ್ತಿ ಕಾಡುತ್ತದೆ.

ಟ್ರಯಲ್ ತಗೊಳ್ಳುವಾಗ ಬರೀ ಹೈವೇ ಬೇಡ. ಉಣಕಲ್‌ನಿಂದ ಶುರು ಮಾಡಿ ಹುಬ್ಬಳ್ಳಿಯೊಳಗಿನ ಟ್ರಾಫಿಕ್ಕಿಗೆ ಬನ್ನಿ, ಎ.ಸಿ. ಹಾಕಿ, ಅರ್ಧ ಗಂಟೆ ತೆವಳಿಸಿ. ಟೆಂಪರೇಚರ್ ಮುಳ್ಳು ಎಲ್ಲಿದೆ, ರೇಡಿಯೇಟರ್ ಫ್ಯಾನ್ ತಿರುಗುತ್ತಿದೆಯಾ, ಆಟೋಮ್ಯಾಟಿಕ್ ಆದರೆ ಒಂದರಿಂದ ಎರಡಕ್ಕೆ ಹೋಗುವಾಗ ಜಗ್ಗುತ್ತದೆಯಾ ನೋಡಿ. ಆಮೇಲೆ ಗೋಕುಲ ರೋಡಿನ ಕಡೆಯ ಯಾವುದಾದರೂ ಹದಗೆಟ್ಟ ಒಳರಸ್ತೆಯಲ್ಲಿ ಕಿಟಕಿ ಇಳಿಸಿ, ಸ್ಟೀರಿಯೋ ಆರಿಸಿ, ಹತ್ತರ ವೇಗದಲ್ಲಿ ಹೋಗಿ. ಚಕ್ರ ಹಿಡಿದಿಡುವ ಲೋವರ್ ಆರ್ಮಿನ ರಬ್ಬರ್ ಬುಶ್ ಹೋಗಿದ್ದರೆ ಟಕ್ ಟಕ್ ಅನ್ನುತ್ತದೆ. ಒಂದೆರಡು ಎತ್ತರದ ಹಂಪುಗಳನ್ನು ಅಡ್ಡ ತಗೊಂಡು ದಾಟಿ. ಆಯಿಲ್ ಚೇಂಬರ್ ಕೆಳಗೆ ತಾಗಿದರೆ ನಿಮ್ಮ ಮನೆಯ ಹಾದಿಯಲ್ಲಿ ಅಂಥ ಹಂಪು ಎಷ್ಟಿವೆ ಅಂತ ಎಣಿಸಿಕೊಳ್ಳಿ.

ಕೊನೆಗೆ ಗಾಡಿಯನ್ನು ಲಿಫ್ಟ್ ಮೇಲೆ ಹತ್ತಿಸಲು ಮಾರುವವರು ಒಪ್ಪಬೇಕು. ಮಿಸ್ತ್ರಿಯ ಕೂಲಿ ನೀವು ಕೊಡಿ. ಒಪ್ಪದಿದ್ದರೆ ಅಲ್ಲಿಂದ ಹೊರಡಿ. ಒಪ್ಪಿದರೂ ಅದೇ ದಿನ ಟೋಕನ್ ಕೊಡಬೇಡಿ. ಮಿಸ್ತ್ರಿ ಬರೆದುಕೊಟ್ಟ ಪಾರ್ಟಿನ ಪಟ್ಟಿ ಹಿಡಿದು ಪುಣೆಗೊಂದು, ಬೆಂಗಳೂರಿಗೊಂದು ಫೋನ್ ಹಚ್ಚಿ. ಪ್ರತಿಯೊಂದರ ಬೆಲೆ, ಎಷ್ಟು ದಿನಕ್ಕೆ ಬರುತ್ತದೆ ಅನ್ನೋದು ಎದುರಿಗೆ ಬರೆದುಕೊಳ್ಳಿ. ಕಾರಿನ ಬೆಲೆಯ ಚೌಕಾಶಿ ಆ ಹಾಳೆ ಕೈಯಲ್ಲಿ ಹಿಡಿದೇ ಮಾಡಿ.